ಶೆಟ್ಟಿಹಳ್ಳಿ: ಅರ್ಧ ವರ್ಷ ನೀರು, ಅರ್ಧ ವರ್ಷ ನೆಲ

ನಮ್ಮ ಬೆಳಗೋಡಿನ ತೋಟಗಳ ಮೇಲೆ ಸುರಿದ ಮಳೆ ಹೇಮಾವತಿಯ ಕಡೆ ಇಳಿಯಲಿ, ಯಗಚಿಯ ಕಡೆ ಇಳಿಯಲಿ, ಕೊನೆಗೆ ಹೋಗಿ ನಿಲ್ಲುವುದು ಗೊರೂರು ಅಣೆಕಟ್ಟೆಯ ಹಿಂದೆ. ಈ ನೀರಿನ ಮೇಲಿನ ದಾರಿ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಮೂಡಿಗೆರೆ ಸೀಮೆಯಲ್ಲಿ ಹುಟ್ಟುವ ಹೊಳೆ, ಸಕಲೇಶಪುರದ ಹೊಳೆಮಲ್ಲೇಶ್ವರನ ಅಂಗಳಕ್ಕೆ ಏರಿ ಬರುವ ಆಷಾಢದ ಕೆನ್ನೀರು, ಗದ್ದೆ ಬಯಲಿಗೆ ನುಗ್ಗುವ ಹಳ್ಳ, ಎಲ್ಲವೂ ಕಣ್ಣಿಗೆ ಕಟ್ಟಿದ್ದೇ. ಅದೇ ನೀರು ಕೆಳಗೆ ಹೋಗಿ ನಿಂತು ಯಾರ ಊರನ್ನು ಮುಚ್ಚಿದೆ ಎಂದು ನೋಡಲು ಹೋಗುವವರು ಮಾತ್ರ ಕಡಿಮೆ. ಆ ನೀರಿಗೆ ಸಿಕ್ಕ ಶೆಟ್ಟಿಹಳ್ಳಿಗೆ ನಾನು ಹೊರಟದ್ದು ಅದಕ್ಕಾಗಿ.

ಇನ್ನೊಂದು ಕಾರಣವೂ ಇತ್ತು. ಮುಳುಗಿದ ಹಡಗುಗಳ ಬಗ್ಗೆ ಓದುವ ಹುಚ್ಚು ನನಗೆ ಹಳೆಯದು. ಸಿಲಿಂಡರ್ ಬೆನ್ನಿಗೇರಿಸಿ ತಣ್ಣನೆಯ ಕಡಲಿಗಿಳಿದು, ಹತ್ತಿಪ್ಪತ್ತು ಅಡಿ ಕೆಳಗೆ ಮಲಗಿದ ಹಡಗಿನ ಪಕ್ಕೆಲುಬುಗಳ ನಡುವೆ ಈಜುವವರ ಬರಹಗಳನ್ನು ಓದುವಾಗೆಲ್ಲ ನಮ್ಮ ಜಿಲ್ಲೆಯ ಶೆಟ್ಟಿಹಳ್ಳಿಯ ಮುಳುಗುವ ಚರ್ಚೇ ಕಣ್ಣ ಮುಂದೆ ಬರುತ್ತಿತ್ತು. ಸಮುದ್ರದಿಂದ ಇಷ್ಟು ದೂರದ ಹಾಸನದಲ್ಲಿ, ನೀರಿಗೆ ಸಿಕ್ಕ ಒಂದು ದೊಡ್ಡ ರಚನೆಯನ್ನು ಒಳಗೂ ಹೊರಗೂ ನೋಡುವ ಅವಕಾಶ ಇರುವುದು ಇಲ್ಲೇ.

ಬೆಳಗೋಡಿನಿಂದ ಬಾಳ್ಳುಪೇಟೆಗೆ ಬಂದು ಹೆದ್ದಾರಿ ಹಿಡಿದರೆ ಕಾಫಿ, ಮೆಣಸು, ಸಿಲ್ವರ್ ಮರದ ಸಾಲು ಪಾಳ್ಯದ ಹೊತ್ತಿಗೆ ತೆಳುವಾಗುತ್ತಾ ಬರುತ್ತದೆ. ಆಲೂರು ಬರುವಷ್ಟರಲ್ಲಿ ಶುಂಠಿ, ಮುಸುಕಿನ ಜೋಳ, ಆಲೂಗಡ್ಡೆಯ ಹೊಲಗಳು. ಹಾಸನ ತಲುಪಿ, ಅಲ್ಲಿಂದ ಗೊರೂರು ಸೀಮೆಯ ಕಡೆ ತಿರುಗಿ ಸುಮಾರು 20 ಕಿಲೋಮೀಟರ್ ಹೋದರೆ ರಸ್ತೆಯ ಪಕ್ಕದ ಹೊಲವೇ ಇದ್ದಕ್ಕಿದ್ದಂತೆ ನೀರಾಗುತ್ತದೆ. ನೀರಿನ ಆಚೆ ಮೊನಚು ಕಮಾನುಗಳು, ಎರಡು ಎತ್ತರದ ಮೊನೆಗಳು, ಸೂರಿಲ್ಲದ ಗೋಡೆ. ಮಳೆಗಾಲ ಮುಗಿಯುತ್ತಿರುವ ಸೆಪ್ಟೆಂಬರ್ ಕೊನೆ. ಜಲಾಶಯ ತುಂಬಿದೆ. ಕಟ್ಟಡದ ಮೇಲಿನ ಭಾಗ ಮಾತ್ರ ಹೊರಗಿದೆ.

ಇದು ಜಪಮಾಲೆ ಮಾತೆಯ ಹೆಸರಿನ ಚರ್ಚು, ಎಲ್ಲರ ಬಾಯಲ್ಲಿ ರೋಸರಿ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಪ್ಯಾರಿಸ್ಸಿನ ಮಿಷನರಿ ಸಂಘದ ಪಾದ್ರಿಗಳು ಮೈಸೂರು ಸೀಮೆಯಲ್ಲಿ ಆಗ ಹಳ್ಳಿ ಹಳ್ಳಿಗೂ ತಿರುಗುತ್ತಿದ್ದರು. ಅವರಿಗೂ ಮುಂಚೆ, ಶ್ರೀರಂಗಪಟ್ಟಣ ಬಿದ್ದ 1799ರ ನಂತರ ಇಲ್ಲಿಗೆ ಬಂದು 1823ರಲ್ಲಿ ಫ್ರಾನ್ಸಿಗೆ ಮರಳಿದ ಅಬ್ಬೆ ದುಬ್ವಾ ಈ ನಾಡಿನಲ್ಲಿ ಓಡಾಡಿ, ಸಿಡುಬಿನ ಚುಚ್ಚುಮದ್ದನ್ನು ಜನರಿಗೆ ತಲುಪಿಸುವ ಕೆಲಸ ಮಾಡಿದ್ದ. ಬ್ರಿಟಿಷ್ ಎಸ್ಟೇಟು ದೊರೆಗಳಿಗಾಗಿ ಈ ಚರ್ಚು ಕಟ್ಟಿದರು ಎಂದು ಪ್ರವಾಸಿ ಬರಹಗಳೆಲ್ಲ ಒಂದನ್ನು ನೋಡಿ ಇನ್ನೊಂದು ಬರೆಯುತ್ತವೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗದು. ಕಾಫಿ ದೊರೆಗಳ ಬೀಡು ಇದ್ದದ್ದು ಪಡುವಣದ ಮಂಜರಾಬಾದಿನಲ್ಲಿ, ನಮ್ಮ ಬೆಟ್ಟಗಳ ಮೇಲೆ. ಇದು ರಾಗಿ, ಭತ್ತದ ಸೀಮೆ. ಇಷ್ಟು ದೊಡ್ಡ ಕಟ್ಟಡದ ನೆಲದ ಮೇಲೆ ನೂರಕ್ಕೂ ಹೆಚ್ಚು ವರ್ಷ ಮಂಡಿಯೂರಿದವರಲ್ಲಿ ಉತ್ತವರು, ಬಿತ್ತಿದವರು ಎಷ್ಟೋ ಮಂದಿ ಇದ್ದಿರಲೇಬೇಕು. ದೊರೆಗಳ ಕತೆಯಲ್ಲಿ ಅವರು ಕಾಣುವುದೇ ಇಲ್ಲ.

ಗೊರೂರಿನ ಅಣೆಕಟ್ಟು ಮುಗಿದದ್ದು 1979ರಲ್ಲಿ. ಗೊರೂರು ರಾಮಸ್ವಾಮಿ ಅಯ್ಯಂಗಾರರು ತಮ್ಮ ಊರಿನ ಹೊಳೆಗೆ ಅಡ್ಡಲಾಗಿ ಈ ಕಟ್ಟೆ ಎದ್ದು ನಿಂತದ್ದನ್ನು ಕಣ್ಣಾರೆ ಕಂಡವರು. ಅವರು ತೀರಿಕೊಂಡದ್ದು 1991ರಲ್ಲಿ. ಕಟ್ಟೆಯ ಉದ್ದ 4,692 ಮೀಟರ್. ಪೂರ್ಣ ಮಟ್ಟ 2,922 ಅಡಿ. ಹಿಡಿಯುವ ನೀರು 37.10 ಟಿಎಂಸಿ. ತುಂಬಿದಾಗ ಹರಡುವ ಜಾಗ ಸುಮಾರು 8,500 ಹೆಕ್ಟೇರ್. ಈ ನೀರು ನಾಲೆ ಹಿಡಿದು ತುಮಕೂರಿನವರೆಗೆ ಹೋಗುತ್ತದೆ, ಹೊಳೆ ಹಿಡಿದು ಕೃಷ್ಣರಾಜಸಾಗರಕ್ಕೆ ಹೋಗುತ್ತದೆ. ಆ ಹೊಲಗಳಿಗೆ ನೀರು ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಲ್ಲಿ ಮನೆ, ಕಣ, ಬಾವಿ, ಸಮಾಧಿ ಬಿಟ್ಟು ಎದ್ದವರ ಲೆಕ್ಕ ನಾಲೆಯ ಉದ್ಘಾಟನೆಯ ಕಲ್ಲಿನ ಮೇಲೆ ಬರುವುದಿಲ್ಲ. ಅವರ ಊರಿನ ಗುರುತಾಗಿ ಕಣ್ಣಿಗೆ ಕಾಣುವಂತೆ ಉಳಿದದ್ದು ಈ ಗೋಡೆಗಳು.

ದಡದಲ್ಲಿ ತೆಪ್ಪದವರಿದ್ದರು. ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ, “ಯಜಮಾನ್ರೆ, ಒಂದು ಸುತ್ತು ಹಾಕಿಸ್ತೀರಾ?” ಅವರು ನೀರನ್ನೂ ಆಕಾಶವನ್ನೂ ನೋಡಿ, “ಗಾಳಿ ಎದ್ದಿಲ್ಲ, ಬನ್ನಿ. ಸುತ್ತ ತೋರುಸ್ತೀನಿ. ಒಳಕ್ ಮಾತ್ರ ಕರ್ಕೊಂಡ್ ಹೋಗಲ್ಲ” ಅಂದರು. ಯಾಕೆ ಎಂದು ಕೇಳುವ ಮೊದಲೇ ಅವರೇ ಹೇಳಿದರು: “ಮ್ಯಾಲಿಂದ ಇಟ್ಗೆ ಯಾವಾಗ ಬೀಳ್ತದೋ ಹೇಳಕ್ಕಾಯ್ತದಾ ಸಾರ್?”

ತೆಪ್ಪ ದಡ ಬಿಟ್ಟ ಮೇಲೆ ಕಟ್ಟಡದ ಅಳತೆ ಬದಲಾಗುತ್ತದೆ. ರಸ್ತೆಯಿಂದ ಚಿಕ್ಕದಾಗಿ ಕಂಡದ್ದು ಹತ್ತಿರ ಹೋದಂತೆ ಮೇಲೇರುತ್ತದೆ. ನೀರಿನ ಮೇಲಿರುವುದು ಮೂರರಲ್ಲೊಂದು ಭಾಗ ಎನ್ನುವುದು ಆಗ ನೆನಪಾಗಿ ಎದೆ ಝಲ್ಲೆನ್ನುತ್ತದೆ. ಕಮಾನಿನ ಮೊನೆ ಕೈಗೆ ಎಟುಕುವಷ್ಟು ಹತ್ತಿರ. ಒಂದು ಕಾಲದಲ್ಲಿ ಕೆಳಗೆ ನಿಂತವರು ಕತ್ತು ಹಿಂದಕ್ಕೆ ಚೆಲ್ಲಿ ನೋಡಬೇಕಾಗಿದ್ದ ಜಾಗ ಅದು. ಗೋಡೆಯ ಬಿರುಕುಗಳಲ್ಲಿ ಅತ್ತಿ, ಆಲದ ಜಾತಿಯ ಗಿಡಗಳು ಬೇರಿಳಿಸಿವೆ. ಕಮಾನಿನ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿದ್ದವು. ಗೋಡೆಯ ಮೈಮೇಲೆ ಅಡ್ಡಡ್ಡ ಗೆರೆಗಳು, ಒಂದರ ಕೆಳಗೆ ಒಂದು. ಯಾವ ವರ್ಷ ನೀರು ಎಲ್ಲಿ ನಿಂತಿತ್ತು ಎಂದು ಗೋಡೆಯೇ ಬರೆದಿಟ್ಟುಕೊಂಡ ದಾಖಲೆ. ಆ ಗೆರೆಗಳಿರುವ ಪಟ್ಟಿಯಲ್ಲೇ ಗಾರೆ ಹೆಚ್ಚು ಉದುರಿದೆ, ಇಟ್ಟಿಗೆ ಬಾಯಿ ಬಿಟ್ಟಿದೆ. ಅದಕ್ಕಿಂತ ಮೇಲೆ ಗಾರೆ ಅಲ್ಲಲ್ಲಿ ಇನ್ನೂ ನುಣುಪಾಗಿದೆ.

ಮುಳುಗಿದ ಹಡಗುಗಳ ವಿಷಯ ಇಲ್ಲಿ ಬೇಕಾಗುತ್ತದೆ. ಸ್ವೀಡನ್ನಿನ ವಾಸಾ ಎನ್ನುವ ಯುದ್ಧನೌಕೆ 1628ರಲ್ಲಿ ಮೊದಲ ಯಾನದಲ್ಲೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿತು. 333 ವರ್ಷಗಳ ನಂತರ, 1961ರಲ್ಲಿ ಮೇಲೆತ್ತಿದಾಗ ಮರದ ಹಡಗು ಹೆಚ್ಚು ಕಡಿಮೆ ಇಡಿಯಾಗಿತ್ತು. ಬಾಲ್ಟಿಕ್ ಸಮುದ್ರದ ನೀರು ತಣ್ಣಗಿದೆ, ಉಪ್ಪು ಕಡಿಮೆ. ಮರ ಕೊರೆಯುವ ಕಡಲಹುಳು ಅಲ್ಲಿ ಬದುಕುವುದಿಲ್ಲ. ಹಡಗು ಸುಮಾರು 30 ಮೀಟರ್ ಆಳದಲ್ಲಿ, ಕೆಸರಿನಲ್ಲಿ, ಕತ್ತಲಲ್ಲಿ, ಒಂದೇ ಸ್ಥಿತಿಯಲ್ಲಿ ಕುಳಿತಿತ್ತು. ಒದ್ದೆಯಾದದ್ದು ಒದ್ದೆಯಾಗಿಯೇ ಉಳಿಯಿತು. ಅದನ್ನು ಮೇಲೆತ್ತಿದ ಮೇಲೆ ಒಣಗಿಸುವುದೇ ದೊಡ್ಡ ಸಮಸ್ಯೆಯಾಗಿ, ಮರ ಬಿರಿಯದಂತೆ ವರ್ಷಗಟ್ಟಲೆ ರಾಸಾಯನಿಕ ಸಿಂಪಡಿಸಬೇಕಾಯಿತು.

ಆಳವಿಲ್ಲದ ನೀರಿನಲ್ಲಿ ಈ ರಕ್ಷಣೆ ಇಲ್ಲ. ಅಲ್ಲಿಗೆ ಬೆಳಕು ಬರುತ್ತದೆ, ಪಾಚಿ ಬೆಳೆಯುತ್ತದೆ, ಅಲೆ ಬಡಿಯುತ್ತದೆ. ಮುಳುಗುಗಾರರಿಗೆ ಅದು ಅನುಕೂಲ: ಆಳ ಕಡಿಮೆ ಇದ್ದಷ್ಟೂ ಸಿಲಿಂಡರಿನ ಗಾಳಿ ಹೆಚ್ಚು ಹೊತ್ತು ಬರುತ್ತದೆ, ಬಣ್ಣಗಳು ಉಳಿಯುತ್ತವೆ. ನೀರಿನಲ್ಲಿ ಮೊದಲು ಮಾಯವಾಗುವುದು ಕೆಂಪು. ಸ್ವಲ್ಪ ಆಳಕ್ಕೆ ಹೋದರೂ ತುಕ್ಕು ಹಿಡಿದ ಕಬ್ಬಿಣ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ನೋಡುವವರಿಗೆ ಒಳ್ಳೆಯದಾದ ಈ ಆಳ ಮುಳುಗಿದ ವಸ್ತುವಿಗೆ ಕೆಟ್ಟದ್ದು.

ಶೆಟ್ಟಿಹಳ್ಳಿಯ ಚರ್ಚಿನ ಪಾಡು ಅದಕ್ಕಿಂತ ಕಠಿಣ. ಅದು ಮುಳುಗಿಯೂ ಇರುವುದಿಲ್ಲ, ಒಣಗಿಯೂ ಇರುವುದಿಲ್ಲ. ಜೂನ್, ಜುಲೈಯಲ್ಲಿ ನೀರು ಏರುತ್ತದೆ. ಇಟ್ಟಿಗೆ ನೀರು ಕುಡಿದು ಭಾರವಾಗುತ್ತದೆ. ಸುಣ್ಣದ ಗಾರೆಯಲ್ಲಿ ಕರಗುವಂಥದ್ದು ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಾಗ ಗೋಡೆ ಒಣಗಲು ತೊಡಗುತ್ತದೆ. ಒಳಗಿನ ತೇವ ಹೊರಗೆ ಬರುವಾಗ ಲವಣವನ್ನು ಮೈಮೇಲೆ ತಂದು ಬಿಡುತ್ತದೆ, ಆ ಲವಣ ಹರಳುಗಟ್ಟಿ ಇಟ್ಟಿಗೆಯ ಪದರವನ್ನು ಎಬ್ಬಿಸುತ್ತದೆ. ಮುಂದಿನ ಮಳೆಗೆ ಆ ಪದರ ತೊಳೆದು ಹೋಗುತ್ತದೆ. ಹೊಸ ಮೈ ನೀರಿಗೆ ಬೀಳುತ್ತದೆ. 1979ರಿಂದ ಇದು ಹೆಚ್ಚು ಕಡಿಮೆ ವರ್ಷಕ್ಕೊಮ್ಮೆ ನಡೆಯುತ್ತಿದೆ. ಬೆಲ್ಲ, ಮೊಟ್ಟೆ ಸೇರಿಸಿ ಅರೆದ ಗಾರೆಯಾದ್ದರಿಂದ ಇದು ಎಂದೂ ಬೀಳುವುದಿಲ್ಲ ಎಂದು ಜನ ಅಭಿಮಾನದಿಂದ ಹೇಳುತ್ತಾರೆ. ಆ ಗಾರೆ ಗಟ್ಟಿಯೇ. ಇಷ್ಟು ವರ್ಷ ನಿಂತದ್ದೇ ಅದಕ್ಕೆ ಸಾಕ್ಷಿ. ಆದರೆ ಸುಣ್ಣ ಸುಣ್ಣವೇ. ಛಾವಣಿ ಹೋಗಿ ಎಷ್ಟೋ ಕಾಲವಾಗಿದೆ, ಗೋಡೆಯ ಭಾಗಗಳು ಕಳಚಿ ಬಿದ್ದಿವೆ. ಎಂದೂ ಬೀಳುವುದಿಲ್ಲ ಎಂಬ ನಂಬಿಕೆಯೇ ನಮ್ಮನ್ನು ಸುಮ್ಮನೆ ಕೂರಿಸಿದೆ ಎಂದು ನನಗೆ ಅನ್ನಿಸುತ್ತದೆ.

ತೆಪ್ಪ ಚರ್ಚಿನ ಬೆನ್ನಿನ ಕಡೆಗೆ ತಿರುಗಿದಾಗ ಗೋಡೆಯ ತೆರಪಿನಿಂದ ಒಳಗೆ ನೋಡಿದೆ. ಎರಡು ಸಾಲು ಕಮಾನುಗಳ ನಡುವೆ ನೀರು. ಪೀಠ ಇದ್ದ ತುದಿಯಲ್ಲಿ ಗೋಡೆ ಅರ್ಧ ಬಳೆಯಂತೆ ಬಾಗಿದೆ. ಇಳಿದು ಈಜಿದರೆ ಹೇಗಿರುತ್ತದೆ ಎಂಬ ಆಸೆ ಯಾರಿಗಾದರೂ ಬರುತ್ತದೆ. ಕರ್ನಾಟಕದಲ್ಲಿ ಸ್ಕೂಬಾ ಎಂದರೆ ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ. ಅಲ್ಲಿ ಕಡಲ ಕಾಲದಲ್ಲಿ ನೀರು ತಿಳಿಯಾಗಿರುತ್ತದೆ, ಹವಳದ ಸಂದಿಯಲ್ಲಿ ಮೀನಿನ ಹಿಂಡು ಕಾಣುತ್ತದೆ. ಇಲ್ಲಿ ಹಾಗಿಲ್ಲ. ತೆಪ್ಪದಿಂದ ಕೈ ಇಳಿಸಿದರೆ ಮೊಣಕೈ ದಾಟುವಷ್ಟರಲ್ಲಿ ಬೆರಳು ಮಸುಕು. ಮಲೆನಾಡಿನ ಮಣ್ಣೆಲ್ಲ ಈ ನೀರಿನಲ್ಲಿ ತೇಲುತ್ತಿದೆ. ಅದರಲ್ಲಿ ನಮ್ಮ ತೋಟಗಳ ಇಳಿಜಾರಿನ ಮಣ್ಣೂ ಇದೆ.

ಕಡಲಿಗಾಗಿ ಕಲಿತ ಲೆಕ್ಕ ಇಲ್ಲಿಗೆ ಹಾಗೇ ಹೊಂದುವುದೂ ಇಲ್ಲ. ಜಲಾಶಯದ ಮೇಲ್ಮೈ ಸಮುದ್ರಮಟ್ಟದಿಂದ ಸುಮಾರು 890 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಲ ದಂಡೆಗಿಂತ ಹತ್ತರಲ್ಲೊಂದು ಪಾಲು ಕಡಿಮೆ. ಸಮುದ್ರಮಟ್ಟದಿಂದ 300 ಮೀಟರ್ ದಾಟಿದ ಎಲ್ಲ ನೀರಿಗೂ ಡೈವಿಂಗಿನಲ್ಲಿ ಬೇರೆ ಕೋಷ್ಟಕ ಬಳಸಬೇಕು, ಏಕೆಂದರೆ ಮೇಲೆ ಬಂದಾಗ ಹೊರಗಿನ ಒತ್ತಡ ಕಡಿಮೆ ಇದ್ದಷ್ಟೂ ರಕ್ತದಲ್ಲಿ ಸೇರಿದ ಸಾರಜನಕ ಗುಳ್ಳೆಯಾಗುವ ಅಪಾಯ ಹೆಚ್ಚು. ಸಿಹಿನೀರು ಉಪ್ಪುನೀರಿಗಿಂತ ಹಗುರ, ಹಾಗಾಗಿ ಸೊಂಟಕ್ಕೆ ಕಟ್ಟುವ ಸೀಸದ ತೂಕವನ್ನೂ ತಗ್ಗಿಸಬೇಕು. ತಣ್ಣನೆಯ ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಮಾಗಿಯ ಬೆಳಗಿನಲ್ಲಿ ರಬ್ಬರಿನ ಉಡುಪಿಲ್ಲದೆ ಹೆಚ್ಚು ಹೊತ್ತು ಇರಲಾಗದು. ಹಡಗಿನ ಒಳಹೊಕ್ಕು ಈಜುವವರು ಒಂದು ಕಟ್ಟುನಿಟ್ಟಿನ ನಿಯಮ ಪಾಲಿಸುತ್ತಾರೆ: ಸಿಲಿಂಡರಿನ ಗಾಳಿಯಲ್ಲಿ ಮೂರರಲ್ಲೊಂದು ಪಾಲು ಹೋಗಲು, ಒಂದು ಪಾಲು ಬರಲು, ಉಳಿದ ಪಾಲು ಆಪತ್ತಿಗೆ. ಬಾಗಿಲಿನಿಂದಲೇ ದಾರ ಬಿಚ್ಚುತ್ತಾ ಒಳಹೋಗುತ್ತಾರೆ, ಏಕೆಂದರೆ ಕಾಲಿನ ರೆಕ್ಕೆ ಒಮ್ಮೆ ತಳದ ಹೂಳಿಗೆ ತಗುಲಿದರೆ ಕಣ್ಣ ಮುಂದೆ ಏನೂ ಕಾಣದು. ದಾರವನ್ನು ಕೈಯಲ್ಲಿ ತಡವಿಕೊಂಡೇ ಹೊರಬರಬೇಕು.

ಇಷ್ಟೆಲ್ಲ ಬರೆದದ್ದು ಯಾರೂ ಇಲ್ಲಿ ಇಳಿಯಲಿ ಎಂದಲ್ಲ, ಇಳಿಯಬಾರದು ಎಂದು. ಕೆಳಗೆ ಮೀನುಗಾರರ ಬಲೆಗಳಿವೆ, ಬಿದ್ದ ಇಟ್ಟಿಗೆಯ ಗುಡ್ಡೆಗಳಿವೆ, ಮೇಲೆ ಯಾವ ಆಸರೆಯೂ ಇಲ್ಲದೆ ನಿಂತ ಕಮಾನುಗಳಿವೆ. ನೀರಿನಡಿ ಹುಡುಕುವುದು ಎಷ್ಟು ದೊಡ್ಡ ಪಣ ಎಂಬುದನ್ನು 2024ರ ಜುಲೈಯಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇಡೀ ನಾಡು ಕಂಡಿತು. ಗುಡ್ಡ ಕುಸಿದು ಲಾರಿಯೊಂದು ಗಂಗಾವಳಿಯ ಪಾಲಾದಾಗ ನೌಕಾಪಡೆಯ ಮುಳುಗುಗಾರರೂ, ಮಲ್ಪೆಯ ಈಶ್ವರ್ ಮಲ್ಪೆಯವರೂ ಕೆಸರು ತುಂಬಿದ ಸೆಳೆತಕ್ಕೆ ಇಳಿದರು. ಲಾರಿ ಸಿಕ್ಕಿದ್ದು ಸೆಪ್ಟೆಂಬರಿನಲ್ಲಿ. ಹೊಳೆಯ ಕೆಂಪು ನೀರಿನಲ್ಲಿ ಕಣ್ಣಿಗೆ ಕೆಲಸವಿಲ್ಲ, ಕೈಯೇ ಕಣ್ಣಾಗಬೇಕು. ಶೆಟ್ಟಿಹಳ್ಳಿಯ ದಡಕ್ಕೆ ಬಂದು ಮೋಜಿಗಾಗಿ ನೀರಿಗೆ ಹಾರುವ ಹುಡುಗರನ್ನು ನೋಡಿದಾಗ ನನ್ನ ಕರುಳು ಹಿಂಡಿದಂತಾಗುತ್ತದೆ.

ಮುಳುಗುಗಾರ ಎಲ್ಲಿಗೆ ತಲುಪಲು ಇಷ್ಟು ಕಷ್ಟಪಡುತ್ತಾನೋ ಅಲ್ಲಿಗೆ ನಾವು ಚಪ್ಪಲಿ ಕಾಲಲ್ಲಿ ನಡೆದು ಹೋಗಬಹುದು, ಬೇಸಿಗೆಯವರೆಗೆ ಕಾದರೆ. ಏಪ್ರಿಲ್ಲಿನಲ್ಲಿ ಮತ್ತೆ ಹೋದೆ.

ತೆಪ್ಪ ಹತ್ತಿದ್ದ ಜಾಗದಲ್ಲಿ ಈಗ ಹುಲ್ಲು. ಮಣ್ಣು ಬಿಸಿಲಿಗೆ ಬಿರಿದು ಹೆಂಟೆಹೆಂಟೆಯಾಗಿದೆ, ಅದರ ನಡುವೆ ಬಸವನಹುಳುವಿನ ಬಿಳಿ ಚಿಪ್ಪುಗಳು. ಕುರಿಗಳು ಚರ್ಚಿನ ನೆರಳು ಹಿಡಿದು ಮಲಗಿದ್ದವು. ದಾರಿಯಲ್ಲಿ ಕಲ್ಲಿನ ಸಾಲುಗಳು ಕಾಲಿಗೆ ತಗಲುತ್ತವೆ. ಸ್ವಲ್ಪ ಗಮನಿಸಿದರೆ ಅವು ತಳಪಾಯದ ಸಾಲುಗಳು ಅನ್ನಿಸುತ್ತದೆ. ಕುರಿ ಕಾಯುತ್ತಿದ್ದ ಅಜ್ಜಿ ಕೋಲಿನಿಂದ ತೋರಿಸಿ, “ಅಲ್ಲಿ ಬೀದಿ ಇತ್ತಂತೆ ಕಣಪ್ಪ, ಈ ಕಡೆ ಕಣ. ನಾನು ಮದ್ವೆ ಆಗಿ ಬಂದಾಗ್ಲೇ ನೀರು ಬಂದಿತ್ತು” ಅಂದರು. ತಾವು ನೋಡದ ಊರಿನ ನಕ್ಷೆ ಅವರಿಗೆ ಬಾಯಿಪಾಠವಾಗಿತ್ತು. ಅತ್ತೆ ಹೇಳಿದ್ದು, ಅತ್ತೆಗೆ ಅವರ ಅತ್ತೆ ಹೇಳಿದ್ದು.

ಮುಂದಿನ ಬಾಗಿಲಿನಿಂದ ಒಳಗೆ ಹೆಜ್ಜೆ ಇಟ್ಟೆ. ಮಳೆಗಾಲದಲ್ಲಿ ಕೈಗೆ ಎಟುಕುವಂತಿದ್ದ ಕಮಾನಿನ ಮೊನೆ ಈಗ ತಲೆಯಿಂದ ಎಷ್ಟೋ ಮೇಲೆ. ನಡುಮನೆಯ ಎರಡೂ ಕಡೆ ಕಂಬ, ಕಮಾನು, ಮತ್ತೆ ಕಂಬ. ಅವುಗಳಾಚೆ ಪಕ್ಕದ ಓಣಿಗಳು. ಕಿಟಕಿಗಳ ಗಾಜು ಇಲ್ಲ, ಚೌಕಟ್ಟೂ ಇಲ್ಲ. ಬಣ್ಣದ ಗಾಜಿನಿಂದ ಬೆಳಕು ನೆಲಕ್ಕೆ ಬೀಳುತ್ತಿದ್ದ ಕಾಲವನ್ನು ಕಲ್ಪಿಸಿಕೊಳ್ಳಬೇಕು. ಮೊನಚು ಕಮಾನಿನ ಬುದ್ಧಿವಂತಿಕೆ ಈ ಬರಿಗೋಡೆಯಲ್ಲಿ ಚೆನ್ನಾಗಿ ತಿಳಿಯುತ್ತದೆ. ಅರ್ಧ ವೃತ್ತದ ಕಮಾನು ಮೇಲಿನ ಭಾರವನ್ನು ಪಕ್ಕಕ್ಕೆ ಜಾಸ್ತಿ ತಳ್ಳುತ್ತದೆ. ಮೊನೆಯಿರುವ ಕಮಾನು ಅದನ್ನು ಹೆಚ್ಚು ನೇರವಾಗಿ ಕೆಳಕ್ಕೆ ಇಳಿಸುತ್ತದೆ. ಛಾವಣಿ ಕಳಚಿ, ಜೋಡಿಸಿ ಹಿಡಿಯುವ ಮರ ಹೋಗಿ, ವರ್ಷಕ್ಕೊಮ್ಮೆ ಬುಡ ನೆನೆದರೂ ಈ ಸಾಲುಗಳು ನಿಂತದ್ದರಲ್ಲಿ ಗಾರೆಯ ಪಾಲಿನಷ್ಟೇ ಈ ಆಕಾರದ ಪಾಲೂ ಇದೆ. ಹಳ್ಳಿಯೊಂದರಲ್ಲಿ, 1860ರ ದಶಕದಲ್ಲಿ, ಈ ಇಟ್ಟಿಗೆಗಳನ್ನು ಒಂದೊಂದಾಗಿ ಮರದ ಅಚ್ಚಿನ ಮೇಲೆ ಕೂರಿಸಿ ಕಮಾನು ತಿರುಗಿಸಿದ ಗಾರೆ ಕೆಲಸದವರ ಕೈಗೆ ನಾನು ಅಲ್ಲೇ ನಿಂತು ಮನಸ್ಸಿನಲ್ಲಿ ಕೈ ಮುಗಿದೆ.

ಗೋಡೆಯ ಎಟುಕುವ ಎತ್ತರದಲ್ಲೆಲ್ಲ ಹೆಸರುಗಳು. ಮೊಳೆಯಿಂದ, ಕಲ್ಲಿನಿಂದ, ಇದ್ದಿಲಿನಿಂದ. ಪ್ರೇಮಿಗಳ ಹೆಸರು, ಕಾಲೇಜಿನ ಹೆಸರು, ಊರಿನ ಹೆಸರು. ಮದುವೆಗೆ ಮುಂಚಿನ ಫೋಟೊ ತೆಗೆಯುವ ಜೋಡಿಯೊಂದು ಕಮಾನಿನ ಮೇಲೆ ಹತ್ತಿ ನಿಂತಿತ್ತು, ಕೆಳಗಿನಿಂದ ಛಾಯಾಗ್ರಾಹಕ ಇನ್ನೂ ಹಿಂದೆ ಸರಿಯಿರಿ ಎನ್ನುತ್ತಿದ್ದ. ನೆನೆದು ಒಣಗಿದ ಇಟ್ಟಿಗೆಯ ಮೇಲೆ ಇಬ್ಬರ ಭಾರ ಹಾಕುವುದು ಅವರ ಜೀವಕ್ಕೂ ಅಪಾಯ, ಗೋಡೆಗೂ ಅಪಾಯ. ಹಡಗಿನ ಅವಶೇಷಕ್ಕೆ ಇಳಿಯುವ ಒಳ್ಳೆಯ ಮುಳುಗುಗಾರರು ಮೊದಲು ಕಲಿಯುವ ಪಾಠ ಮುಟ್ಟಬಾರದು, ಎತ್ತಬಾರದು ಎಂದು. ಆ ಪಾಠವನ್ನು ಇಲ್ಲಿ ಹೇಳುವವರು ಯಾರೂ ಇರಲಿಲ್ಲ. ಒಬ್ಬ ಕಾವಲುಗಾರ, ಕಮಾನಿನ ಕೆಳಗೆ ಹೋಗದಂತೆ ಒಂದು ಹಗ್ಗ, ಇಷ್ಟಿದ್ದರೂ ಬಹಳ ಉಳಿಯುತ್ತಿತ್ತು.

ಕ್ಯಾಥೊಲಿಕ್ ಪಂಚಾಂಗದಲ್ಲಿ ಜಪಮಾಲೆ ಮಾತೆಯ ಹಬ್ಬ ಅಕ್ಟೋಬರ್ 7ಕ್ಕೆ. ಒಳ್ಳೆಯ ಮಳೆಯಾದ ವರ್ಷಗಳಲ್ಲಿ ಜಲಾಶಯ ತುಂಬಿರುವುದೂ ಅದೇ ಹೊತ್ತಿಗೆ. ಅಂದರೆ ಯಾವ ತಾಯಿಯ ಹೆಸರಿನಲ್ಲಿ ಈ ಗುಡಿ ಎದ್ದಿತೋ ಆಕೆಯ ಹಬ್ಬದ ದಿನವೇ ಇದರ ನೆಲ ನೀರಿನಡಿ ಇರುತ್ತದೆ. ಪೀಠದ ಮುಂದೆ ನಿಂತಾಗ ನನಗೆ ಈ ಲೆಕ್ಕ ಹೊಳೆದು ಗಂಟಲು ಕಟ್ಟಿತು. ಪಾಳುಬಿದ್ದ ಸುಂದರ ಕಟ್ಟಡ ಎಂದು ಇದನ್ನು ನೋಡುವವರು, ಇದೊಂದು ಊರಿನ ದೇವರ ಮನೆಯಾಗಿತ್ತು, ಇಲ್ಲಿ ಮಕ್ಕಳಿಗೆ ಹೆಸರಿಟ್ಟರು, ಮದುವೆ ಮಾಡಿದರು, ಸತ್ತವರಿಗಾಗಿ ಪ್ರಾರ್ಥಿಸಿದರು ಎಂಬುದನ್ನು ಮರೆಯಬಾರದು.

ಮುಳುಗಿದ ಊರು ನಮ್ಮ ನಾಡಿಗೆ ಹೊಸದಲ್ಲ. ಕೃಷ್ಣರಾಜಸಾಗರದಲ್ಲಿ ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ದಶಕಗಳ ಕಾಲ ಬರಗಾಲದಲ್ಲಿ ಮಾತ್ರ ತಲೆ ಎತ್ತುತ್ತಿತ್ತು. ಈ ಶತಮಾನದ ಆರಂಭದಲ್ಲಿ ಅದರ ಕಲ್ಲುಗಳನ್ನು ಬಿಚ್ಚಿ ಮೇಲಿನ ದಡಕ್ಕೆ ತಂದು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. ಸಾಗರ ತಾಲ್ಲೂಕಿನ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಎಂಬ ಅಣೆಕಟ್ಟೇ 1964ರಲ್ಲಿ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿತು. ಕಡು ಬೇಸಿಗೆಯಲ್ಲಿ ಅದರ ಗೋಡೆ ಇಡಿಯಾಗಿ ಕಾಣುತ್ತದೆ. ಇಟಲಿಯ ಉತ್ತರದಲ್ಲಿ ರೆಶೆನ್ ಎಂಬ ಸರೋವರವಿದೆ. 1950ರಲ್ಲಿ ಅಣೆಕಟ್ಟಿನ ನೀರಿಗೆ ಗ್ರೌನ್ ಎಂಬ ಹಳ್ಳಿ ಹೋಯಿತು, 14ನೆಯ ಶತಮಾನದ ಗಂಟೆಗೋಪುರ ಮಾತ್ರ ಉಳಿಯಿತು. ಅದು ಈಗಲೂ ಹಿಮಗಟ್ಟುವ ನೀರಿನ ನಡುವೆ ನಿಂತಿದೆ, ಏಕೆಂದರೆ ಬಿರುಕು ಬಿಟ್ಟಾಗ ದುರಸ್ತಿ ಮಾಡಿ ನಿಲ್ಲಿಸಿಕೊಂಡರು. ಕನ್ನಂಬಾಡಿಯ ಕಲ್ಲನ್ನು ಬಿಚ್ಚಿ ಜೋಡಿಸಬಹುದಿತ್ತು. ಶೆಟ್ಟಿಹಳ್ಳಿಯ ಇಟ್ಟಿಗೆ ಗಾರೆಯನ್ನು ಹಾಗೆ ಬಿಚ್ಚಲಾಗದು. ನಿಂತಲ್ಲೇ ಉಳಿಸಬೇಕು, ಇಲ್ಲವೇ ಬೀಳುವ ಮುನ್ನ ಅದರ ಪ್ರತಿ ಅಳತೆಯನ್ನೂ ಬರೆದಿಟ್ಟುಕೊಳ್ಳಬೇಕು.

ಈ ಎರಡನೆಯ ಕೆಲಸದಲ್ಲಿ ಕಡಲ ಮುಳುಗುಗಾರರಿಂದ ಕಲಿಯುವುದಿದೆ, ಅದರಲ್ಲಿ ಕನ್ನಡಿಗರ ಪಾಲೂ ಇದೆ. ಭಾರತದಲ್ಲಿ ಕಡಲ ಪುರಾತತ್ವಕ್ಕೆ ದಾರಿ ಹಾಕಿದವರು ಶಿಕಾರಿಪುರ ರಂಗನಾಥ ರಾವ್, ಅಂದರೆ ಲೋಥಲ್ ಅಗೆದ ಎಸ್. ಆರ್. ರಾವ್. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಲ್ಲಿ 1981ರಲ್ಲಿ ಕಡಲ ಪುರಾತತ್ವ ಕೇಂದ್ರ ಶುರುವಾದದ್ದು ಅವರ ಮುಂದಾಳತ್ವದಲ್ಲಿ. ಅದೇ ಸಂಸ್ಥೆಯ ಮುಳುಗುಗಾರರು ಆಮೇಲೆ ಗೋವಾದ ಸೇಂಟ್ ಜಾರ್ಜ್ ದಿಬ್ಬದ ಬಳಿ ಆಳವಿಲ್ಲದ ನೀರಿನಲ್ಲಿ ಒಂದು ಹಡಗಿನ ಸರಕನ್ನು ಪತ್ತೆ ಮಾಡಿದರು. ಹೆಂಚು, ಮೂಲೆಹೆಂಚು, ಇಟ್ಟಿಗೆ, ಮಣ್ಣಿನ ಅಲಂಕಾರದ ಕಂಬದ ಭಾಗಗಳು. ಅವುಗಳ ಮೇಲಿದ್ದ ಮುದ್ರೆ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆಯದು, ಜೊತೆಗೆ 1865 ಎಂಬ ಇಸವಿ. ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಒಲೆ ಹೊತ್ತಿಸಿದ ವರ್ಷ ಅದು. ನಮ್ಮ ಬೆಳಗೋಡಿನ ಹಳೆಯ ಮನೆಗಳ ಸೂರಿನ ಮೇಲೆ ಕೂತಿರುವ ಮಂಗಳೂರು ಹೆಂಚಿನ ಒಡಹುಟ್ಟುಗಳು ಅಲ್ಲಿ ಹವಳದ ನಡುವೆ ಮಲಗಿವೆ. ಸುಟ್ಟ ಮಣ್ಣು ಒಂದೇ ಸ್ಥಿತಿಯ ನೀರಿನಲ್ಲಿ ಎಷ್ಟು ಬಾಳುತ್ತದೆ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅದೇ ಮುದ್ರೆ ಓದಿ ಹಡಗಿನ ಕಾಲವನ್ನು ಅಳೆದರು.

ಇಂದು ಮುಳುಗಿದ ಹಡಗನ್ನು ದಾಖಲಿಸುವವರು ನೀರಿನಡಿಯಲ್ಲಿ ಒಂದರ ಮೇಲೊಂದು ಹೊದಿಯುವಂತೆ ಸಾವಿರಾರು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಅವನ್ನು ಜೋಡಿಸಿ ಇಡೀ ಹಡಗಿನ ಮೂರು ಆಯಾಮದ ಪ್ರತಿ ತಯಾರಿಸುತ್ತಾರೆ. ಅವರ ಕಷ್ಟ ನೀರಿನ ಮಂಕು, ಗಾಳಿಯ ಮಿತಿ, ಚಳಿ. ಶೆಟ್ಟಿಹಳ್ಳಿಯಲ್ಲಿ ಈ ಯಾವುದೂ ಅಡ್ಡಿಯಿಲ್ಲ. ಬೇಸಿಗೆಯಲ್ಲಿ ಬಿಸಿಲಿದೆ, ಒಣನೆಲವಿದೆ, ನಡೆದು ಹೋಗುವ ದಾರಿಯಿದೆ. ಡ್ರೋನ್ ಒಂದು, ಒಳ್ಳೆಯ ಕ್ಯಾಮೆರಾ ಒಂದೆರಡು, ಅಳತೆ ಕೋಲು. ಬಿದ್ದ ಇಟ್ಟಿಗೆಯ ಗುಡ್ಡೆಯೂ ಆ ಪ್ರತಿಯಲ್ಲಿ ಸೇರಬೇಕು, ಯಾವ ಗೋಡೆ ಯಾವ ಕಡೆ ಬಿತ್ತು ಎಂದು ಅದು ಹೇಳುತ್ತದೆ. ನೀರಿನ ಗೆರೆಗಳ ಎತ್ತರವನ್ನು ಜಲಾಶಯದ ದಿನದಿನದ ಮಟ್ಟದ ಪುಸ್ತಕದ ಜೊತೆ ಇಟ್ಟು ನೋಡಿದರೆ ಯಾವ ಇಟ್ಟಿಗೆ ವರ್ಷಕ್ಕೆ ಎಷ್ಟು ದಿನ ನೆನೆಯಿತು ಎಂದು ಲೆಕ್ಕ ಹಾಕಬಹುದು. ಮುಂದೆ ಯಾವ ಭಾಗ ಬೀಳಬಹುದು, ಎಲ್ಲಿ ಆಸರೆ ಕೊಡಬೇಕು ಎಂಬುದು ಆಗ ತಿಳಿದೀತು. ಸುಣ್ಣದ ಗಾರೆಗೆ ಸುಣ್ಣದ ಗಾರೆಯಿಂದಲೇ ತೇಪೆ ಹಾಕಬೇಕು. ಸಿಮೆಂಟು ಮೆತ್ತಿದರೆ ತೇವ ಒಳಗೇ ಸಿಕ್ಕಿಬಿದ್ದು ಇಟ್ಟಿಗೆ ಇನ್ನಷ್ಟು ಬೇಗ ಪುಡಿಯಾಗುತ್ತದೆ.

ಹಾಸನದಲ್ಲಿ 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ, ಅಲ್ಲಿ ಸಿವಿಲ್ ವಿಭಾಗವಿದೆ. ಅಳತೆ ಕಲಿಯುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸುತ್ತಮುತ್ತ ಇಲ್ಲ. ಒಂದು ತಂಡ ಚರ್ಚನ್ನು ಅಳೆಯಲಿ. ಇನ್ನೊಂದು ತಂಡ ಆ ಅಜ್ಜಿಯಂಥವರ ಪಕ್ಕದಲ್ಲಿ ಕಾಗದ ಹಿಡಿದು ಕೂತು ಬೀದಿ ಎಲ್ಲಿತ್ತು, ಬಾವಿ ಎಲ್ಲಿತ್ತು, ಯಾರ ಮನೆ ಯಾವ ಕಡೆ ಮುಖ ಮಾಡಿತ್ತು ಎಂದು ಬರೆದುಕೊಳ್ಳಲಿ. ಕೆಲಸಕ್ಕೆ ಸಿಗುವ ಕಾಲ ಮಾರ್ಚಿನಿಂದ ಮೇ ಕೊನೆಯವರೆಗೆ. ಬೆಳಗೋಡಿನಲ್ಲಿ ಮುಂಗಾರು ಹಿಡಿಯಿತೆಂದರೆ ಇಲ್ಲಿ ನೀರು ಏರಲು ಹೆಚ್ಚು ದಿನ ಬೇಕಿಲ್ಲ.